ನೀಲಿ ಮುಚ್ಚಳದ ಉಪ್ಪು

ಜನವರಿ 11

ಅಪ್ಪನಿಗೆ,

ಪತ್ರ ನೋಡಿ ಗಾಬರಿಯಾಗಬೇಡಿ. ಯಾರಿಗೂ ಏನೂ ಆಗಿಲ್ಲ. ಫೋನು ಮಾಡಬಹುದಿತ್ತು. ಆದರೆ ನಿಮ್ಮ ಕಿವಿಗೆ ಬೀಳಬೇಕಾದರೆ ನಾನು ಕೂಗಬೇಕು, ಕೂಗಿದರೆ ಅದು ಇಬ್ಬರಿಗೂ ಜಗಳದಂತೆಯೇ ಕೇಳುತ್ತದೆ. ಅದಕ್ಕೇ ಕಾಗದ.

ವಿಷಯ ಇಷ್ಟು. ನಾನೊಂದು ಮೀನಿನ ತೊಟ್ಟಿ ಇಡುತ್ತಿದ್ದೇನೆ. ಸಿಹಿನೀರಿನದಲ್ಲ, ಸಮುದ್ರದ್ದು, ಹವಳ ಬೆಳೆಸುವಂಥದ್ದು. ನೂರು ಲೀಟರಿನದು. ಊಟದ ಮೇಜು ಇದ್ದ ಜಾಗದಲ್ಲಿ ಕೂತಿದೆ, ನಾನು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದೇನೆ. ಒಂದು ಹೂಕುಂಡವನ್ನೂ ನೆಟ್ಟಗೆ ಬದುಕಿಸದವಳು ಹವಳ ಸಾಕುತ್ತಾಳಂತೆ ಎಂದು ನಗುತ್ತಿದ್ದೀರಿ, ಗೊತ್ತು. ನಗಿ.

ತೊಟ್ಟಿ ಬಂತು, ಪಂಪು ಬಂತು, ದೀಪ ಬಂತು. ನಿಂತಿರುವುದು ಉಪ್ಪಿನ ಹತ್ತಿರ. ಶುದ್ಧ ಮಾಡಿದ ನೀರಿಗೆ ಸಮುದ್ರದ ಉಪ್ಪಿನ ಮಿಶ್ರಣ ಬೆರೆಸಿ ಮನೆಯಲ್ಲೇ ಕಡಲು ಮಾಡಿಕೊಳ್ಳಬೇಕು. ಮೀನಿನಂಗಡಿಯಲ್ಲಿ ಎರಡು ಡಬ್ಬ ಇವೆ, ಒಂದಕ್ಕೆ ಕೆಂಪು ಮುಚ್ಚಳ, ಇನ್ನೊಂದಕ್ಕೆ ನೀಲಿ. "ಕೆಂಪಿಂದೇ ತಗೊಳ್ಳಮ್ಮಾ, ಹವಳ ದಬದಬ ಬೆಳೀತವೆ" ಅಂತಾಳೆ ಅಂಗಡಿಯವಳು. "ಹೊಸಬ್ರಿಗೆ ನೀಲಿ ಕೊಡೇ, ಪಾಪ" ಅಂತಾನೆ ಹಿಂದಿನಿಂದ ಅವಳ ಗಂಡ. "ನಿಮಗೇನು ಗೊತ್ತು, ಸುಮ್ನಿರಿ" ಅಂತ ಅವಳು. ಅವರಿಬ್ಬರೂ ಜೋರಾಗಿ ಜಗಳಕ್ಕೆ ನಿಂತರು, ನಾನು ಬರಿಗೈಯಲ್ಲಿ ಮನೆಗೆ ಬಂದೆ.

ನೀವು ಇಪ್ಪತ್ತಾರು ವರ್ಷ ಡಯಾಲಿಸಿಸ್ ವಾರ್ಡಿನಲ್ಲಿ ನೀರು ಮತ್ತು ಉಪ್ಪು ಬೆರೆಸಿದವರು. ಈ ವಿದ್ಯೆ ಬಲ್ಲವರು ನನಗೆ ಬೇರೆ ಯಾರೂ ಇಲ್ಲ. ಯಾವುದು ತೆಗೆದುಕೊಳ್ಳಲಿ? ಒಂದು ಜೀವವನ್ನು ನಾನು ಬೆರೆಸಿದ ನೀರಿನಲ್ಲಿ ಬಿಡುವುದನ್ನು ನೆನೆದರೇ ಭಯವಾಗುತ್ತದೆ.

ನಿಮ್ಮ ಮಗಳು


ಜನವರಿ 24

ಬಟಾಣಿ,

"ನೀವು" ಅಂತ ಬರೆದಿದ್ದೀಯ. ಬೇರೆ ಯಾರದೋ ಅಪ್ಪನ ಪತ್ರ ನನ್ನ ವಿಳಾಸಕ್ಕೆ ಬಂತೇನೋ ಎಂದು ಎರಡು ಸಲ ಲಕೋಟೆ ತಿರುಗಿಸಿ ನೋಡಿದೆ.

ನಾನಿಲ್ಲಿ ಆರಾಮ. ಲೈಬ್ರರಿಯವರು ಹರಿದ ಪುಸ್ತಕ ಕೊಡುತ್ತಾರೆ, ನಾನು ಹೊಲಿದು ಕೊಡುತ್ತೇನೆ. ಯಾವ ಪುಸ್ತಕವೂ ಇದುವರೆಗೆ ಸತ್ತಿಲ್ಲ. ಅಂಟು ಕಲಸುವುದು ಮಾತ್ರ ಪಕ್ಕದ ಮೇಜಿನಾಕೆ. "ಏನಪ್ಪಾ, ಇಷ್ಟು ಹಿಟ್ಟು ಇಷ್ಟು ನೀರು, ಅದೂ ಬರಲ್ವಾ ನಿಮಗೆ?" ಅಂತ ದಿನಾ ಗೊಣಗುತ್ತಾಳೆ. ಬರಲ್ಲ ಅಂತ ಹೇಳಿಬಿಟ್ಟಿದ್ದೇನೆ. ಅಡುಗೆಯನ್ನೂ ಸಪ್ಪೆ ಮಾಡಿಕೊಂಡು ಉಪ್ಪನ್ನು ತಟ್ಟೆಯಲ್ಲಿ ನೆಂಚಿಕೊಳ್ಳುತ್ತೇನೆ.

ನೀನು ಮರೆತು ಕೇಳಿದ್ದೀಯೇನೋ. ಅದಕ್ಕೆ ಒಂದು ಸಲ ಬರೆದುಬಿಡುತ್ತೇನೆ. ದಿನಾ ಬೆಳಿಗ್ಗೆ ರೋಗಿಗಳನ್ನು ಯಂತ್ರಕ್ಕೆ ಜೋಡಿಸುವ ಮೊದಲು ನೀರಿನಲ್ಲಿ ಕ್ಲೋರಿನ್ ಉಳಿದಿದೆಯೇ ಎಂದು ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕಿತ್ತು. ಇಪ್ಪತ್ತಾರು ವರ್ಷವೂ ಉತ್ತರ ಒಂದೇ, ಸೊನ್ನೆ. ಹನ್ನೊಂದು ವರ್ಷದ ಹಿಂದೆ ಆ ದಿನ ನಾನು ಮೊದಲು ಸೊನ್ನೆ ಬರೆದೆ. ಐದು ನಿಮಿಷದಲ್ಲಿ ಬಂದು ನೋಡಿದರಾಯಿತು ಅಂದುಕೊಂಡೆ. ಐದು ನಿಮಿಷ ಬರಲೇ ಇಲ್ಲ. ಕ್ಲೋರಿನ್ ಸೋಸುವ ಇದ್ದಿಲು ಸತ್ತುಹೋಗಿತ್ತು. ಐದು ಜನರ ರಕ್ತ ಕೊಳವೆಯಲ್ಲೇ ಒಡೆದು ಕಪ್ಪಿಟ್ಟಿತು. ನಾಲ್ವರು ಉಳಿದರು. ನಾಲ್ಕನೇ ಕುರ್ಚಿಯ ಟೈಲರಮ್ಮ ಉಳಿಯಲಿಲ್ಲ. ನಿನ್ನ ಸ್ಕೂಲಿನ ಬಟ್ಟೆ ಹೊಲಿದವಳು.

ವಿಚಾರಣೆಯವರು ರಿಜಿಸ್ಟರು ತೆರೆದರು. ಸೊನ್ನೆ ಇತ್ತು. ನನ್ನನ್ನು ಬಿಟ್ಟರು. ನಿಜ ಹೇಳಿದ್ದು ನಿನಗೊಬ್ಬಳಿಗೆ. ನೀನು ಅಂದದ್ದು ನೆನಪಿದೆಯಾ? "ಇನ್ಮೇಲೆ ನಿನ್ನ ಕೈಯಿಂದ ಒಂದು ಲೋಟ ನೀರೂ ಕುಡಿಯಲ್ಲ."

ನೀನು ಅಂದದ್ದು ಸರಿ. ಅದಕ್ಕೇ ನನ್ನ ಹತ್ತಿರ ಅಂಕಿ ಕೇಳಬೇಡ. ಅಂಗಡಿಯವಳ ಗಂಡನನ್ನು ಕೇಳು.

ಅಪ್ಪ


ಫೆಬ್ರವರಿ 2

ಅಪ್ಪನಿಗೆ,

ಮರೆತು ಕೇಳಲಿಲ್ಲ. ಟೈಲರಮ್ಮನನ್ನೂ ಮರೆತಿಲ್ಲ, ನಾನು ಅಂದದ್ದನ್ನೂ ಮರೆತಿಲ್ಲ. ಮರೆಯದೆಯೇ ಕೇಳುತ್ತಿದ್ದೇನೆ.

ಅಂಗಡಿಯವಳ ಗಂಡನನ್ನು ಕೇಳಿದೆ. ಅವನು ಹೆಂಡತಿಯ ಮುಖ ನೋಡಿದ. ಆ ದಾರಿ ಮುಚ್ಚಿತು.

ಅಂಕಿ ಹೇಳಬೇಡಿ, ಬೇಡ. ಡಬ್ಬದ ಮೇಲಿದ್ದದ್ದನ್ನು ನಾನೇ ಬರೆದು ಕಳಿಸುತ್ತಿದ್ದೇನೆ. ಕೆಂಪು: ಕ್ಷಾರ 12, ಕ್ಯಾಲ್ಸಿಯಂ 465, ಮೆಗ್ನೀಸಿಯಂ 1390. ನೀಲಿ: ಕ್ಷಾರ 8, ಕ್ಯಾಲ್ಸಿಯಂ 420, ಮೆಗ್ನೀಸಿಯಂ 1300. ಬೇಡದ್ದರ ಮೇಲೆ ಒಂದು ಗೆರೆ ಎಳೆದು ಇದೇ ಕಾಗದವನ್ನು ವಾಪಸ್ಸು ಕಳಿಸಿ. ಗೆರೆ ಎಳೆದರೆ ಯಾರೂ ಸಾಯುವುದಿಲ್ಲ.

ನೀವು ಹೇಳುವವರೆಗೆ ತೊಟ್ಟಿ ಖಾಲಿಯೇ ಇರುತ್ತದೆ. ನಾನು ದಿನಾ ಕನ್ನಡಕದಂಗಡಿಯ ಕೆಲಸದಿಂದ ಬಂದು ಅದರ ಎದುರು ಕೂರುತ್ತೇನೆ. ಖಾಲಿ ಗಾಜು ನೋಡಲು ಇನ್ನೂ ಒಂದು ಗಾಜಿನಂಗಡಿ ತೆರೆದಂತಾಗಿದೆ.

ನಿಮ್ಮ ಮಗಳು


ಫೆಬ್ರವರಿ 13

ಬಟಾಣಿ,

ಗೆರೆ ಎಳೆಯಲು ಹೋದೆ. ಪೆನ್ನು ಎತ್ತಿ ಇಟ್ಟೆ, ಎತ್ತಿ ಇಟ್ಟೆ. ಪಕ್ಕದ ಮೇಜಿನಾಕೆ "ಪ್ರೇಮಪತ್ರನಾ?" ಅಂದಳು. ಅವಳ ಬಾಯಿ ಮುಚ್ಚಿಸಲಾದರೂ ಬರೆದು ಮುಗಿಸುತ್ತೇನೆ.

ನೀಲಿ ತಗೋ.

ಕೆಂಪು ಕೆಟ್ಟದ್ದಲ್ಲ. ಅದು ದೊಡ್ಡ ಹೊಟ್ಟೆಯವರ ಊಟ. ತುಂಬಾ ಹವಳ ಇರುವ ಹಳೆಯ ತೊಟ್ಟಿಯಲ್ಲಿ ಕ್ಷಾರ, ಕ್ಯಾಲ್ಸಿಯಂ ಎಲ್ಲ ಬೇಗ ಖಾಲಿಯಾಗುತ್ತವೆ, ಅಂಥವರಿಗೆ ಅದು ಬೇಕು. ನಿನ್ನಲ್ಲಿ ತಿನ್ನುವವರೇ ಇಲ್ಲ. ನೀರು ಬದಲಿಸಿದಾಗಲೆಲ್ಲ ಕ್ಷಾರ ಮೇಲೆ ಜಿಗಿಯುತ್ತದೆ, ಆಮೇಲೆ ಇಳಿಯುತ್ತದೆ. ಸ್ವಲ್ಪ ಹೆಚ್ಚೋ ಕಡಿಮೆಯೋ ಇದ್ದರೆ ಜೀವ ಹೊಂದಿಕೊಳ್ಳುತ್ತದೆ. ಏರಿಳಿತಕ್ಕೆ ಹೊಂದಿಕೊಳ್ಳುವುದಿಲ್ಲ. ನೀಲಿಯದು ಕಡಲಿಗೆ ಹತ್ತಿರ. ಒಂದು ಸಲ ಆರಿಸಿದ ಮೇಲೆ ಅದನ್ನೇ ಹಿಡಿದುಕೋ, ತಿಂಗಳಿಗೊಂದು ಬದಲಿಸಬೇಡ.

ಡಬ್ಬ ತೆರೆಯುವ ಮೊದಲು ನೆಲದ ಮೇಲೆ ಚೆನ್ನಾಗಿ ಉರುಳಿಸು, ಭಾರದ್ದೆಲ್ಲ ತಳ ಸೇರಿರುತ್ತದೆ. ನೀರಿಗೆ ಉಪ್ಪು ಹಾಕು, ಉಪ್ಪಿನ ಮೇಲೆ ನೀರು ಸುರಿಯಬೇಡ, ಸುಣ್ಣ ಕಟ್ಟಿ ಹಾಲಿನಂತಾಗುತ್ತದೆ. ಪಂಪು ಹಾಕಿ ತಿಳಿಯಾಗುವವರೆಗೆ ತಿರುಗಲಿ. ನೀರು ಆವಿಯಾಗಿ ಮಟ್ಟ ಇಳಿದರೆ ಸಪ್ಪೆ ನೀರು ಮಾತ್ರ ತುಂಬು. ಉಪ್ಪು ಎಲ್ಲಿಗೂ ಹೋಗಿರುವುದಿಲ್ಲ. ಸಪ್ಪೆ ನೀರಿನ ಜಗ್ಗಿಗೂ ಉಪ್ಪು ನೀರಿನ ಜಗ್ಗಿಗೂ ಬೇರೆ ಬೇರೆ ಬಣ್ಣದ ಪಟ್ಟಿ ಅಂಟಿಸು.

ಕೊನೆಯದು. ಅಳೆ. ನೋಡು. ಆಮೇಲೆ ಬರೆ. ಈ ಮೂರನ್ನು ಹಿಂದುಮುಂದು ಮಾಡಬೇಡ.

ಇದನ್ನು ಅಂಚೆಡಬ್ಬಕ್ಕೆ ಹಾಕಿ ಬಂದ ಮೇಲೆ ನನಗೆ ಊಟ ಸೇರುವುದಿಲ್ಲ ಎಂದು ಈಗಲೇ ಗೊತ್ತಿದೆ. ಮೀನು ಬಿಟ್ಟ ಮೇಲೆ ಬದುಕಿದೆ ಅಂತ ಒಂದು ಸಾಲು ಬರೆ.

ಅಪ್ಪ


ಮಾರ್ಚ್ 20

ಅಪ್ಪಾ,

ಬದುಕಿವೆ! ಎರಡು ಕಿತ್ತಳೆ ಬಣ್ಣದ ಪಟ್ಟೆ ಮೀನು, ನಾಲ್ಕು ಬಸವನಹುಳು, ಒಂದು ಕಲ್ಲಿನ ತುಂಬ ಗುಂಡಿ ಹವಳ. ಅಂಗಿಯ ಗುಂಡಿಯಷ್ಟೇ ಇವೆ, ದೀಪ ಹಾಕಿದರೆ ಅರಳುತ್ತವೆ, ನೆರಳು ಬಿದ್ದರೆ ಮುದುರುತ್ತವೆ. ನನಗಿಂತ ಪುಕ್ಕಲು.

ತಡವಾಗಿ ಬರೆದದ್ದಕ್ಕೆ ಬಯ್ಯಬೇಡಿ. ಮೀನು ಬಿಡುವ ಮೊದಲು ಒಂದು ತಿಂಗಳು ಬರೀ ನೀರು, ಕಲ್ಲು ಇಟ್ಟು ಕಾದೆ. ಉಪ್ಪು ಅಳೆಯುವ ಉಪಕರಣ ದುರ್ಬೀನಿನ ಹಾಗಿದೆ, ಒಂದು ಹನಿ ಬಿಟ್ಟು ಬೆಳಕಿಗೆ ಹಿಡಿದು ಇಣುಕಬೇಕು. ನಾನು ಕಣ್ಣಿನವಳಲ್ಲವೇ, ಅದು ಮಾತ್ರ ನನಗೆ ತಕ್ಷಣ ಒಲಿಯಿತು. ಉಪ್ಪು 1.025, ಶಾಖ 25.6, ಕ್ಷಾರ 8.1. ಅಳೆದು, ನೋಡಿ, ಆಮೇಲೆ ಬರೆದದ್ದು.

ಬಕೆಟ್ಟು ಎತ್ತುವುದೊಂದು ಕಷ್ಟ. ಎಡಗೈಯಲ್ಲಿ ಭಾರ ಎತ್ತುವ ಹಾಗಿಲ್ಲ, ಬಲಗೈಯಲ್ಲೇ ಅರ್ಧರ್ಧ ಹೊರುತ್ತೇನೆ. ಗಡಿಯಾರವನ್ನೂ ಬಲಗೈಗೆ ಕಟ್ಟಿಕೊಂಡಿದ್ದೇನೆ, ಹೊತ್ತು ನೋಡಲು ದಿನಾ ಬರಿಯ ಎಡಗೈ ಎತ್ತಿ ಪೆದ್ದಿಯಾಗುತ್ತೇನೆ. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ರಬ್ಬರ್ ಚೆಂಡು ಹಿಸುಕುತ್ತ ಕೂರುವುದು ಹೊಸ ಕಸುಬು. ಏನೂ ಇಲ್ಲ, ಒಂದು ನರದ ತೊಂದರೆ.

ಒಂದು ವಿಷಯ. ನೀಲಿ ಉಪ್ಪು ಬೆರೆಸುವಾಗ ನಿಮ್ಮ ಕಾಗದವನ್ನು ಗೋಡೆಗೆ ಅಂಟಿಸಿಕೊಂಡಿದ್ದೆ.

ಬಟಾಣಿ


ಮಾರ್ಚ್ 27

ಬಟಾಣಿ,

ಎಡಗೈಯ ಮಣಿಕಟ್ಟಿನ ಮೇಲೆ ಬಲಗೈ ಬೆರಳು ಇಟ್ಟು ನೋಡು. ಒಳಗೆ ಗುಂಯ್ ಅನ್ನುತ್ತಾ?

ಈ ಒಂದಕ್ಕೆ ಉತ್ತರ ಬರೆ. ಮೀನಿನ ಸುದ್ದಿ ಆಮೇಲೆ.

ಅಪ್ಪ


ಏಪ್ರಿಲ್ 9

ಮಗಳೇ,

ಎರಡು ವಾರವಾಯಿತು. ಅಂಚೆಯವನು ನನ್ನನ್ನು ಕಂಡರೆ ದೂರದಿಂದಲೇ ಕೈ ಆಡಿಸುತ್ತಾನೆ, ಇಲ್ಲ ಎಂದು. ಫೋನು ಮಾಡಿದೆ. ನೀನು ಏನೋ ಹೇಳಿದೆ, ನನಗೆ ಕೇಳಿಸಿದ್ದು "ಚೆನ್ನಾಗಿದ್ದೀನಿ" ಒಂದೇ. ಅದೊಂದನ್ನೇ ಮೂರು ಸಲ ಹೇಳಿದೆ. ಚೆನ್ನಾಗಿರುವವರು ಅಷ್ಟು ಸಲ ಹೇಳುವುದಿಲ್ಲ.

ನನ್ನ ಮುಂದೆ ಯಾಕೆ ಮುಚ್ಚುತ್ತೀಯ? ಆ ಕೈಯನ್ನು ನಾನು ನೂರಾರು ಜನರಲ್ಲಿ ನೋಡಿದ್ದೇನೆ. ಭಾರ ಎತ್ತಬೇಡಿ, ಗಡಿಯಾರ ಕಟ್ಟಬೇಡಿ, ಚೆಂಡು ಹಿಸುಕಿ ಅಂತ ನಾನೇ ಬಾಯಿಪಾಠ ಒಪ್ಪಿಸುತ್ತಿದ್ದೆ. ಎರಡು ರಕ್ತನಾಳಗಳನ್ನು ಜೋಡಿಸಿ, ಡಯಾಲಿಸಿಸ್ ಸೂಜಿಗೆ ಕೈಯನ್ನು ತಯಾರು ಮಾಡುವಾಗ ಹೇಳುವ ಮಾತು ಅದು. ನರದ ತೊಂದರೆಗೆ ಯಾರೂ ಹಾಗೆ ಹೇಳುವುದಿಲ್ಲ.

ನಾನು ತಪ್ಪು ತಿಳಿದಿರಲಿ. ಮುದುಕನಿಗೆ ತಲೆ ಕೆಟ್ಟಿದೆ ಅಂತ ಬರೆದು ಬಯ್ಯಿ, ಬಟಾಣಿ. ನಿನ್ನೆ ಒಂದು ಪುಸ್ತಕವನ್ನು ತಲೆಕೆಳಗಾಗಿ ಹೊಲಿದೆ.

ಅಪ್ಪ


ಏಪ್ರಿಲ್ 16

ಅಪ್ಪಾ,

ಗುಂಯ್ ಅನ್ನುತ್ತದೆ. ತೋಳಿನೊಳಗೆ ಬೆಕ್ಕು ಮಲಗಿದ ಹಾಗೆ.

ಎರಡೂ ಮೂತ್ರಪಿಂಡ ಕೈಕೊಟ್ಟಿವೆ. ಗೊತ್ತಾಗಿದ್ದು ಹೋದ ವರ್ಷ ಅಕ್ಟೋಬರಿನಲ್ಲಿ. ಬೇಸಿಗೆ ಕಳೆಯುವುದರೊಳಗೆ ಡಯಾಲಿಸಿಸ್ ಶುರುವಾಗಬೇಕು ಅಂದಿದ್ದಾರೆ ಡಾಕ್ಟರಮ್ಮ. ಪೊಟ್ಯಾಸಿಯಂ ಇಳಿಯಲೆಂದು ಆಲೂಗಡ್ಡೆಯನ್ನು ಎರಡು ಸಲ ಬೇಯಿಸಿ ನೀರು ಚೆಲ್ಲಿ ತಿನ್ನುತ್ತಿದ್ದೇನೆ. ನಿಮ್ಮ ಹಾಗೆ ನಾನೂ ಈಗ ಸಪ್ಪೆ ಊಟದವಳು.

ಆಸ್ಪತ್ರೆಯ ವಾರ್ಡು ನೋಡಿ ಬರಲು ಹೋಗಿದ್ದೆ. ಒಳ್ಳೆಯ ಜನ, ಶುಭ್ರವಾದ ಜಾಗ. "ಬನ್ನಿ, ಕೂತು ನೋಡಿ" ಅಂದರು. ಕೂತೆ. ಎಣಿಸಿದರೆ ಅದು ನಾಲ್ಕನೇ ಕುರ್ಚಿ. ಎದುರಿಗೆ ಟೆಕ್ನಿಷಿಯನ್ ರಿಜಿಸ್ಟರಿನಲ್ಲಿ ಏನೋ ಬರೆಯುತ್ತಿದ್ದ. ಅವನು ಪರೀಕ್ಷೆ ಮಾಡಿ ಬರೆದನೋ, ಹಾಗೇ ಬರೆದನೋ, ನನಗೆ ಕಾಣಿಸಲಿಲ್ಲ. ಎದ್ದು ಚಪ್ಪಲಿಯನ್ನೂ ಸರಿಯಾಗಿ ಹಾಕಿಕೊಳ್ಳದೆ ಹೊರಗೆ ಬಂದೆ. ಪಾಪ, ಅವನ ತಪ್ಪೇನೂ ಇರಲಿಲ್ಲ.

ಮನೆಯಲ್ಲೇ ಯಂತ್ರ ಇಟ್ಟು ಮಾಡಿಕೊಳ್ಳಬಹುದಂತೆ. ನೀರನ್ನು ಪ್ರತಿ ಸಲ ನಾವೇ ಪರೀಕ್ಷಿಸಬೇಕು. ತೊಟ್ಟಿ ಇಟ್ಟದ್ದು ಅದಕ್ಕೇ, ಅಪ್ಪಾ. ನನ್ನ ಕೈಯಲ್ಲಿ ಹವಳ ಬದುಕಿದರೆ ನಾನೂ ಬದುಕುತ್ತೇನೆ ಅಂತ ನನಗೆ ನಾನೇ ಇಟ್ಟುಕೊಂಡ ಪರೀಕ್ಷೆ. ಮೂರು ತಿಂಗಳು ಬದುಕಿಸಿ ತೋರಿಸಿ, ಆಮೇಲೆ ನಿಮಗೆ ಹೇಳೋಣ ಅಂತಿದ್ದೆ.

ಆದರೆ ಒಬ್ಬಳಿಗೇ ಮನೆಯಲ್ಲಿ ಯಂತ್ರ ಕೊಡುವುದಿಲ್ಲ. ಜೊತೆಗೆ ಒಬ್ಬರು ಇರಬೇಕು, ಆರು ವಾರ ತರಬೇತಿ ಪಡೆದಿರಬೇಕು. ಫಾರಂನಲ್ಲಿ "ಜೊತೆಗಿರುವವರು" ಎಂಬ ಜಾಗ ಖಾಲಿ ಬಿಟ್ಟಿದ್ದೇನೆ. ಅಲ್ಲಿ ಯಾರ ಹೆಸರು ಬರೆಯಲಿ?

ನಾಲ್ಕು ವಾರದ ಅಂಕಿಗಳ ಚೀಟಿ ಇಟ್ಟಿದ್ದೇನೆ. ನೋಡಿ, ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೇನೆ.

ಬಟಾಣಿ


ಏಪ್ರಿಲ್ 25

ಬಟಾಣಿ,

ನನ್ನ ಹೆಸರು ಬರೆಯಬೇಡ.

ಇದನ್ನು ಬರೆಯಲು ಒಂದು ವಾರ ತೆಗೆದುಕೊಂಡೆ. ನಾಲ್ಕು ಕಾಗದ ಹರಿದೆ. ಮೊದಲ ದಿನ ಬರೀ ಅತ್ತೆ, ಅದನ್ನು ಬಿಡು. ನಿನ್ನಮ್ಮ ಹೋದ ಮೇಲೆ ನಿನ್ನ ಜಡೆ ಹೆಣೆದದ್ದು, ಜ್ವರಕ್ಕೆ ಔಷಧಿ ಕುಡಿಸಿದ್ದು ಎಲ್ಲ ಈ ಕೈಯೇ. ಆದರೆ ಈ ಕೈ ಸೊನ್ನೆ ಬರೆದ ಕೈಯೂ ಹೌದು. ನಿನ್ನ ರಕ್ತ ಕೊಳವೆಯಲ್ಲಿ ಹರಿಯುವಾಗ ಆ ಬಣ್ಣ ಮತ್ತೆ ಬಂದರೆ? ಆಮೇಲೆ ನಾನು ಉಳಿದು ಏನು ಮಾಡಲಿ? ವಯಸ್ಸು ಅರವತ್ತಾರು. ಯಂತ್ರ ಕಿರುಚಿಕೊಂಡರೂ ನನಗೆ ಕೇಳಿಸುವುದಿಲ್ಲ. ಬೇರೆ ಯಾರನ್ನಾದರೂ ನೋಡು. ವಾರ್ಡಿಗೇ ಹೋಗು, ಅಲ್ಲಿ ನಾಲ್ಕು ಕಣ್ಣು ಇರುತ್ತವೆ. ಪ್ರತಿ ಸಲವೂ ನಾನು ಬಾಗಿಲ ಹೊರಗೆ ಕೂತಿರುತ್ತೇನೆ, ಅಷ್ಟು ಮಾಡಬಲ್ಲೆ.

ಇನ್ನೊಂದು ಮಾತು, ಬಯ್ಯುವುದಕ್ಕಲ್ಲ. ನಿನ್ನ ಚೀಟಿ ನೋಡಿದೆ. ಮೊದಲನೇ ವಾರದ ಅಂಕಿ ಸರಿ. ಆಮೇಲಿನ ಮೂರು ವಾರ ಉಪ್ಪು 1.025, ಶಾಖ 25.6, ಕ್ಷಾರ 8.1. ಒಂದೂ ಕದಲಿಲ್ಲ. ನೀರು ಹಾಗೆ ನಿಲ್ಲುವುದಿಲ್ಲ ಮಗಳೇ. ಜೀವ ಇರುವ ನೀರು ಕೂದಲೆಳೆಯಷ್ಟಾದರೂ ಅಲ್ಲಾಡುತ್ತದೆ. ಮೂರೂ ಸಾಲು ಹಿಂದಿನದನ್ನು ನೋಡಿ ಇಳಿಸಿದ ಹಾಗೆ ಬರೆದಿದ್ದೀಯ. ಇದನ್ನು ಗುರುತಿಸಲು ನನಗಿಂತ ದೊಡ್ಡ ಪಂಡಿತ ಸಿಗುವುದಿಲ್ಲ.

ಈ ಕಾಗದ ಓದುತ್ತಿದ್ದಂತೆಯೇ ಎದ್ದು ಹೋಗಿ ಅಳೆ.

ಅಪ್ಪ


ಮೇ 6

ಅಪ್ಪಾ,

ನಿಂತೇ ಓದಿದೆ, ಚೀಲವನ್ನೂ ಕೆಳಗಿಡದೆ ಅಳೆದೆ. 1.030.

ಮತ್ತೆ ಅಳೆದೆ. ಅದೇ. ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ಗುಂಡಿ ಹವಳ ಮೂರು ದಿನದಿಂದ ಮುದುರಿಕೊಂಡಿತ್ತು, ಪುಕ್ಕಲು ಅಂತ ನಕ್ಕು ಸುಮ್ಮನಾಗಿದ್ದೆ. ಬಸವನಹುಳುಗಳಲ್ಲಿ ಮೂರು ಸತ್ತಿವೆ. ಚಿಪ್ಪು ಎತ್ತಿದಾಗ ಬಂದ ವಾಸನೆ ಇನ್ನೂ ಮೂಗಿನಲ್ಲಿದೆ.

ಆದದ್ದು ಇಷ್ಟು. ಪಟ್ಟಿ ಅಂಟಿಸು ಅಂದಿದ್ದೆ ನೀನು. ನಾಳೆ ಅಂಟಿಸೋಣ ಅಂದುಕೊಂಡೆ. ಮಟ್ಟ ಇಳಿದಾಗಲೆಲ್ಲ ಸಪ್ಪೆ ನೀರು ಅಂದುಕೊಂಡು ಉಪ್ಪು ಬೆರೆಸಿಟ್ಟ ಜಗ್ಗನ್ನೇ ಸುರಿದಿದ್ದೇನೆ. ಮೂರು ವಾರಕ್ಕೂ ಹೆಚ್ಚು. ಒಂದು ಸಲ ದುರ್ಬೀನಿನಲ್ಲಿ ಇಣುಕಿದ್ದರೆ ಗೊತ್ತಾಗುತ್ತಿತ್ತು. ಇಣುಕಲಿಲ್ಲ. ಕೆಲಸದಿಂದ ಬಂದರೆ ಕಾಲು ಊದಿರುತ್ತಿತ್ತು. ಚೀಟಿಯಲ್ಲಿ ಮೊದಲು 1.025 ಅಂತ ಬರೆಯುತ್ತಿದ್ದೆ, ಕೂತು ಸುಧಾರಿಸಿಕೊಂಡು ನೋಡಿದರಾಯಿತು ಅಂತ. ಹೇಗಿದ್ದರೂ ಅದೇ ತಾನೇ ಇರುವುದು. ಸುಳ್ಳು ಬರೆಯುತ್ತಿದ್ದೇನೆ ಅಂತ ಒಂದು ಸಲವೂ ಅನಿಸಲಿಲ್ಲ, ಅಪ್ಪಾ. ಅದೇ ನನಗೆ ಈಗ ಭಯ. ಗೊತ್ತೇ ಆಗುವುದಿಲ್ಲ.

ಹನ್ನೊಂದು ವರ್ಷ ನಾನು ನನ್ನೊಳಗೇ ಕೇಳುತ್ತಲೇ ಇದ್ದೆ, ನೋಡದೆ ಹೇಗೆ ಬರೆಯುತ್ತಾರೆ ಯಾರಾದರೂ, ಮನುಷ್ಯರೇ ಅಲ್ಲವಾ ಎಂದು. ಹೀಗೆ ಬರೆಯುತ್ತಾರೆ. ನನ್ನ ಹಾಗೆ. ಕಾಲು ನೋಯುವಾಗ, ನಿನ್ನೆಯೂ ಅದೇ ಇತ್ತಲ್ಲ ಎಂದು.

ಟೈಲರಮ್ಮ ಹೋದದ್ದು ಚಿಕ್ಕದಾಯಿತು ಅಂತ ಹೇಳುತ್ತಿಲ್ಲ. ಅದು ನಿನ್ನ ಮೇಲೆ ಇರುತ್ತದೆ, ನನಗೆ ಗೊತ್ತಿದ್ದೂ ಸುಮ್ಮನಿದ್ದದ್ದಕ್ಕೆ ನನ್ನ ಮೇಲೂ ಸ್ವಲ್ಪ. ಆದರೆ ಆ ದಿನ ನೀರಿನ ಲೋಟದ ಮಾತು ಅಂದೆನಲ್ಲ, ಅದನ್ನು ವಾಪಸ್ಸು ತಗೊಳ್ಳುತ್ತೇನೆ. ಅದು ತಪ್ಪು, ಅಪ್ಪಾ. ಬಹಳ ತಪ್ಪು.

ಮೂರು ಸಾಲು ಓದಿ ಸುಳ್ಳು ಹಿಡಿದವನು ನೀನೊಬ್ಬನೇ. ಒಳ್ಳೆಯ ಟೆಕ್ನಿಷಿಯನ್ನು ಎಲ್ಲಿ ಬೇಕಾದರೂ ಸಿಗುತ್ತಾನೆ. ನೋಡದೆ ಬರೆದದ್ದನ್ನು ಕಂಡರೆ ಮೈ ನಡುಗುವವನು ನನಗೆ ಬೇಕು. ಯಂತ್ರ ಕಿರುಚಿದರೆ ನನಗೆ ಕೇಳಿಸುತ್ತದೆ, ಕೆಂಪು ದೀಪ ನಿನಗೆ ಕಾಣಿಸುತ್ತದೆ. ಇಬ್ಬರಲ್ಲಿ ಒಂದು ಪೂರ್ತಿ ಮನುಷ್ಯ ಆಗುತ್ತೇವೆ. ಹಠ ಬಿಟ್ಟು ಕಿವಿಗೆ ಯಂತ್ರ ಹಾಕಿಕೋ.

ಫಾರಂನಲ್ಲಿ ನಿನ್ನ ಹೆಸರು ಬರೆದಿದ್ದೇನೆ. ಬೇಡ ಅಂದರೆ ಬಂದು ನೀನೇ ಹೊಡೆದು ಹಾಕು.

ಬಟಾಣಿ


ಮೇ 15

ಬಟಾಣಿ,

ಉಪ್ಪನ್ನು ಒಂದೇ ದಿನದಲ್ಲಿ ಇಳಿಸಬೇಡ. ದಿನಕ್ಕೆ ಎರಡೇ ಲೀಟರು, ಒಂದು ಲೋಟ ತೆಗೆದು ಒಂದು ಲೋಟ ಸಪ್ಪೆ ನೀರು. ಒಂದು ವಾರ ತೆಗೆದುಕೋ. ಅವಸರ ಮಾಡಿದರೆ ಉಳಿದದ್ದೂ ಹೋಗುತ್ತವೆ.

ನಾಲ್ಕನೇ ಬಸವನಹುಳು ಬದುಕಿದೆಯಾ?

ಹೊರಡುವುದು ಹತ್ತೊಂಬತ್ತಕ್ಕೆ. ಹೆಸರು ಹೊಡೆದು ಹಾಕಲು ಬರುತ್ತಿದ್ದೇನೋ, ಇರಲು ಬರುತ್ತಿದ್ದೇನೋ ಬಸ್ಸು ಇಳಿಯುವವರೆಗೂ ನನಗೆ ಗೊತ್ತಾಗುವುದಿಲ್ಲ. ಆದರೂ ಮನೆಯೊಡೆಯನಿಗೆ ಬೀಗದ ಕೈ ಕೊಟ್ಟಾಯಿತು. ಲೈಬ್ರರಿಯಲ್ಲಿ ಹೇಳಿದೆ. ಪಕ್ಕದ ಮೇಜಿನಾಕೆ ಅಂಟಿನ ಬೋಗುಣಿ ನನ್ನ ಮುಂದೆ ಇಟ್ಟು, "ಹೋಗೋ ಮುಂಚೆ ಒಂದ್ಸಲ ಕಲಸಿ ತೋರ್ಸಿ" ಅಂದಳು. ಕಲಸಿದೆ. ಅಂಟು ಸರಿಯಾಗಿಯೇ ಬಂತು. "ಇಷ್ಟು ವರ್ಷ ನಾಟಕ ಆಡಿದ್ರಾ!" ಅಂತ ಬಯ್ದಳು.

ನನ್ನ ಷರತ್ತು ಒಂದೇ. ನಾನು ನೀರು ಪರೀಕ್ಷೆ ಮಾಡುತ್ತೇನೆ, ಕ್ಲೋರಿನ್ ಇದ್ದರೆ ಏಳುವ ಬಣ್ಣವನ್ನು ನೀನು ಓದಬೇಕು, ಆಮೇಲೆ ನಾನು ಬರೆಯುತ್ತೇನೆ. ಒಬ್ಬರೇ ಮಾಡುವ ಹಾಗಿಲ್ಲ. ಒಂದು ದಿನವೂ ಇಲ್ಲ. ಜ್ವರ ಬಂದರೂ, ಜಗಳವಾಡಿ ಮಾತು ಬಿಟ್ಟಿದ್ದರೂ.

ಊಟದ ಮೇಜನ್ನು ಎಲ್ಲಿಟ್ಟಿದ್ದೀಯ? ನಾನು ತೊಡೆಯ ಮೇಲೆ ತಟ್ಟೆ ಇಟ್ಟುಕೊಳ್ಳುವವನಲ್ಲ.

ಅಪ್ಪ


ಆಗಸ್ಟ್ 2, ಬೆಳಿಗ್ಗೆ ಹತ್ತೂವರೆ

ಅಪ್ಪಾ,

ಮನೆಯಲ್ಲಿ ಯಂತ್ರ ಓಡುವ ಮೊದಲ ದಿನ, ನೀನು ನನ್ನ ಎದುರಿಗೇ ಕೂತಿದ್ದೀಯ. ಕಿವಿಗೆ ಯಂತ್ರ ಇದೆ, ಆದರೂ ತೊಟ್ಟಿಯ ಪಂಪು, ಈ ಯಂತ್ರದ ಪಂಪು ಎರಡೂ ಸೇರಿ ನನ್ನ ಮಾತು ನಿನಗೆ ಕೇಳಿಸುತ್ತಿಲ್ಲ. ಎರಡು ಸಲ ಕರೆದೆ. ಕೂಗಲು ಭಯ. ಕೂಗಿದರೆ ನೀನು ಏನೋ ಆಯಿತು ಅಂತ ಹಾರಿಬೀಳುತ್ತೀಯ. ಅದಕ್ಕೇ ಬಲಗೈಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಎಡಗೈ ಯಂತ್ರಕ್ಕೆ ಕೊಟ್ಟಾಗಿದೆ.

ಬೆಳಿಗ್ಗೆ ನೀನು ಕ್ಲೋರಿನ್ ಪರೀಕ್ಷೆಯ ಪುಟ್ಟ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತದ್ದನ್ನು ನೋಡಿದೆ. ಪೂರ್ತಿ ಹೊತ್ತು ನಿಂತೆ, ಒಂದು ಕ್ಷಣವೂ ಕಡಿಮೆ ಮಾಡಲಿಲ್ಲ. "ಬಣ್ಣ ಏನು, ಓದು" ಅಂದೆ ನೀನು. "ಏನೂ ಇಲ್ಲ" ಅಂದೆ ನಾನು. "ಸರಿಯಾಗಿ ನೋಡಿ ಹೇಳು." "ಏನೂ ಇಲ್ಲ ಅಪ್ಪಾ, ನಾನು ಕನ್ನಡಕದವಳು, ನನ್ನ ಕಣ್ಣು ನಂಬು." ಆಮೇಲೆ ನೀನು ಪುಸ್ತಕದಲ್ಲಿ ಸೊನ್ನೆ ಬರೆದೆ. ಆ ಒಂದು ಅಂಕಿ ಬರೆಯಲು ನಿನಗೆ ಎಷ್ಟು ಹೊತ್ತು ಹಿಡಿಯಿತು ಗೊತ್ತಾ?

ಸೂಜಿ ಚುಚ್ಚಿದಾಗ ನನಗೆ ನಾಲ್ಕನೇ ಕುರ್ಚಿ ನೆನಪಾಯಿತು. ಆಸ್ಪತ್ರೆಯಲ್ಲಿ ಅಷ್ಟು ವಾರ ಅಭ್ಯಾಸ ಮಾಡಿದ್ದೆಲ್ಲ ಮರೆತೇಹೋಯಿತು. ಈಗಲೂ ಭಯ ಹೋಗಿಲ್ಲ. ನಾಡಿದ್ದು ಮತ್ತೆ ಇದೇ ಭಯ, ಅದರ ನಾಡಿದ್ದೂ. ನಿನಗೂ ಅಷ್ಟೇ ಎಂದು ಕಾಣುತ್ತಿದೆ. ಒಂದೂವರೆ ಗಂಟೆಯಿಂದ ನೀನು ಕೊಳವೆಯ ಬಣ್ಣವನ್ನು ಬಿಟ್ಟು ಬೇರೆ ಏನನ್ನೂ ನೋಡಿಲ್ಲ, ರೆಪ್ಪೆಯನ್ನೂ ಬಡಿದಂತಿಲ್ಲ. ಅದು ಕೆಂಪಾಗಿಯೇ ಇದೆ, ಅಪ್ಪಾ. ನಾನೂ ನೋಡುತ್ತಿದ್ದೇನೆ. ನಿನ್ನ ಹಿಂದೆ ಗುಂಡಿ ಹವಳ ಅರಳಿದೆ, ಉಳಿದ ಆ ಒಂದು ಬಸವನಹುಳು ಗಾಜಿನ ಮೇಲೆ ಅರ್ಧ ದಾರಿ ಹತ್ತಿದೆ. ಅದನ್ನೂ ನೀನು ನೋಡಿಲ್ಲ.

ಈ ಚೀಟಿಯನ್ನು ಮಡಿಸಿ ನಿನ್ನ ಕಾಲ ಹತ್ತಿರ ಎಸೆಯುತ್ತೇನೆ. ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ.

ಬಾಯಾರಿಕೆ ಆಗಿದೆ. ಡಾಕ್ಟರಮ್ಮ ಹೇಳಿದ ಲೆಕ್ಕದಲ್ಲಿ ಇವತ್ತಿನ ಪಾಲು ಇನ್ನೂ ಅರ್ಧ ಲೋಟ ಉಳಿದಿದೆ.

ಎದ್ದು ಹೋಗಿ ನೀನೇ ತಂದುಕೊಡು. ನಿನ್ನ ಕೈಯಿಂದಲೇ ಕುಡಿಸು.

ಬಟಾಣಿ